ಮುತ್ತಜ್ಜನ ಪಹಣಿ ಮತ್ತು ನಮ್ಮ ಡೇಟಾಬೇಸು

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಕೆಲಸ ಜಾಸ್ತಿ ಅಂತ ನೆಪ ಹೇಳೋದು ಸುಲಭ. ಈ ಸಲ ಮಾತ್ರ ಅದು ನೆಪ ಅಲ್ಲ, ನಿಜವಾದ ಕಾರಣ. ನಾನೇ ಮಾಡಿದ ಒಂದು ತಪ್ಪನ್ನು ಸರಿ ಮಾಡುವುದರಲ್ಲಿ ಎರಡು ವಾರ ಹೋಯಿತು. ಆ ತಪ್ಪಿನಿಂದ ಹೊರಟ ಯೋಚನೆ ಎಲ್ಲೆಲ್ಲೋ ಸುತ್ತಿ, ಕಡೆಗೆ ಅಂಕೋಲೆಯ ನಮ್ಮ ಮನೆ ಜಗಲಿಗೆ ಬಂದು ನಿಂತಿತು. ಅದನ್ನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಚಹಾ ಮಾಡಿಕೊಂಡು ಬಂದು ಕೂತುಕೊಳ್ಳಿ :)

ಆಗಿದ್ದು ಇಷ್ಟು. ನಮ್ಮ ತಂಡದಲ್ಲಿ ಎಂಟು ಜನ. ಕೋಡೆಲ್ಲ ಗಿಟ್‌ನಲ್ಲಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪದೆ ಒಂದು ಸಾಲೂ ಒಳಗೆ ಹೋಗುವುದಿಲ್ಲ. ಆದರೆ ಡೇಟಾಬೇಸಿನ ವಿಷಯದಲ್ಲಿ ಅಷ್ಟು ಮಡಿ ಇರಲಿಲ್ಲ. ಟೇಬಲ್ಲುಗಳು ಹೇಗಿರಬೇಕು ಅನ್ನುವ ಒಂದು ಕಡತ ಇತ್ತು. ಬಿಡುಗಡೆಯ ದಿನ ಒಂದು ಹೋಲಿಕೆ ಟೂಲ್ ಆ ಕಡತವನ್ನೂ ಪ್ರೊಡಕ್ಷನ್ ಡೇಟಾಬೇಸನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಇದ್ದಲ್ಲಿ ಸರಿಮಾಡುವ ಸ್ಕ್ರಿಪ್ಟ್ ತಯಾರಿಸುತ್ತಿತ್ತು. ಒಂದು ರಾತ್ರಿ ಹನ್ನೊಂದು ಗಂಟೆಗೆ ಗ್ರಾಹಕರ ಕಡೆಯಿಂದ ಫೋನ್ ಬಂತು. ನಾನು ನೇರವಾಗಿ ಪ್ರೊಡಕ್ಷನ್ನಿಗೆ ಕೈ ಹಾಕಿ ಒಂದು ಟೇಬಲ್ಲಿಗೆ ಹೊಸ ಕಾಲಂ ಸೇರಿಸಿದೆ. ತೊಂದರೆ ನಿಂತಿತು. "ನಾಳೆ ಕಡತದಲ್ಲೂ ಬರೆದರಾಯ್ತು" ಅಂದುಕೊಂಡು ಮಲಗಿದೆ. ಆ ನಾಳೆ ಬರಲೇ ಇಲ್ಲ.

ಎರಡು ತಿಂಗಳ ನಂತರದ ಬಿಡುಗಡೆಯಲ್ಲಿ ಟೂಲ್ ತನ್ನ ಕೆಲಸ ತಾನು ಮಾಡಿತು. ಕಡತದಲ್ಲಿ ಇಲ್ಲದ ಕಾಲಂ ಡೇಟಾಬೇಸಿನಲ್ಲಿದೆ, ಅಂದರೆ ಅದು ಬೇಡದ್ದು, ತೆಗೆಯಬೇಕು! ಎಚ್ಚರಿಕೆಯನ್ನೇನೋ ತೋರಿಸಿತ್ತಂತೆ. ಬಿಡುಗಡೆ ಮಾಡುತ್ತಿದ್ದ ಗೆಳೆಯನಿಗೆ ಆ ಕಾಲಂ ಯಾರದು, ಯಾಕಿದೆ ಅಂತ ಗೊತ್ತಿರಲಿಲ್ಲ. ಹೌದು ಅಂತ ಒತ್ತಿದ. ಎರಡು ತಿಂಗಳ ಮಾಹಿತಿ ಹೋಯಿತು. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದದ್ದರಿಂದ ಬಹುಪಾಲು ವಾಪಸ್ ಬಂತು, ಆದರೆ ಆ ದಿನದ್ದು ಬರಲಿಲ್ಲ. ಒಬ್ಬೊಬ್ಬ ಗ್ರಾಹಕರಿಗೂ ಫೋನ್ ಮಾಡಿ ಕೇಳಿ ತುಂಬಿದೆವು. ಯಾರೂ ನನಗೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ಯಾವ ಟೂಲ್ ಬಳಸಬೇಕು ಅಂತ ನೀನೇ ಓದಿ, ಒಂದು ಟಿಪ್ಪಣಿ ಬರೆದು ಕೊಡು."

ಓದುತ್ತಾ ಹೋದೆ. ಪ್ರತಿಯೊಂದು ಟೂಲಿನ ಗುಣಗಾನವೂ ಸಿಕ್ಕಿತು, ಪ್ರತಿಯೊಂದರ ನಿಂದೆಯೂ ಸಿಕ್ಕಿತು. ತಲೆ ಕೆಟ್ಟು ಬಂಡಿಹಬ್ಬಕ್ಕೆ ಊರಿಗೆ ಹೊರಟೆ. ಅಂಕೋಲೆಯ ಬಂಡಿಹಬ್ಬ ಗೊತ್ತಲ್ಲ, ಬುದ್ಧ ಪೂರ್ಣಿಮೆಯ ಹೊತ್ತಿಗೆ. ಇಶಾಡ ಮಾವಿನಹಣ್ಣಿನ ಕಾಲವೂ ಅದೇ. ಎರಡಕ್ಕೂ ಸೇರಿಸಿ ರಜೆ ಹಾಕುವುದು ನಮ್ಮ ಕಡೆಯವರ ಹಳೇ ಚಾಳಿ.

ಮನೆಯಲ್ಲಿ ಹಬ್ಬದ ಕಳೆಯೇ ಇರಲಿಲ್ಲ. ರಸ್ತೆ ಅಗಲ ಮಾಡಲು ನಮ್ಮ ಗದ್ದೆಯ ಒಂದು ಮೂಲೆ ಹೋಗುತ್ತದೆ ಅಂತ ನೋಟೀಸು ಬಂದಿತ್ತು. ನೋಟೀಸು ಬಂದದ್ದು ಯಾರ ಹೆಸರಿಗೆ? ನಮ್ಮ ಮುತ್ತಜ್ಜನ ಹೆಸರಿಗೆ. ಮುತ್ತಜ್ಜ ತೀರಿಕೊಂಡಿದ್ದು 1983ರಲ್ಲಿ. ನಾನು ಅವರನ್ನು ನೋಡಿಯೇ ಇಲ್ಲ. ಅವರ ಮೂವರು ಗಂಡುಮಕ್ಕಳು ಬಾಯಿಮಾತಿನಲ್ಲೇ ಗದ್ದೆ ಪಾಲು ಮಾಡಿಕೊಂಡು, ಬದುವಿನಲ್ಲಿ ಕಲ್ಲು ನೆಟ್ಟು, ಉತ್ತು ಬಿತ್ತು, ತಾವೂ ತೀರಿಕೊಂಡರು. ಯಾರೂ ಚಾವಡಿಗೆ ಹೋಗಿ ಒಂದು ವರದಿ ಕೊಡಲಿಲ್ಲ. "ನಾಳೆ ಕೊಟ್ಟರಾಯ್ತು" ಅಂದಿರಬೇಕು. ನಮ್ಮ ವಂಶಕ್ಕೇ ಆ ರೋಗ ಇದೆ ಅಂತ ಆಗ ಗೊತ್ತಾಯಿತು :(

ನಮ್ಮ ಓಣಿಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಈಗ ಆ ಹುದ್ದೆಗೆ ಗ್ರಾಮ ಆಡಳಿತಾಧಿಕಾರಿ ಅನ್ನುವ ಹೆಸರಿದೆ, ಆದರೆ ನಮ್ಮ ಊರಿಗೆ ಅವರು ಇಂದಿಗೂ ತಲಾಟಿ ಅಜ್ಜ. ಅಪ್ಪ ಅವರನ್ನು ಕರೆಸಿದ್ದರು. ಅಜ್ಜ ಕನ್ನಡಕ ಏರಿಸಿ ಪಹಣಿಯನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದರು.

"ಎಂತ ತಮಾ, ಕಂಪ್ಯೂಟರ್ ಕೆಲಸ ಮಾಡ್ತೆ ಹೇಳಿ. ಇದ್ರಲ್ಲಿ ಎಂತ ಕಾಣ್ತದೆ ಹೇಳು."

"ಮುತ್ತಜ್ಜನ ಹೆಸರು ಅಜ್ಜ."

"ಅದು ಎಲ್ಲರಿಗೂ ಕಾಣ್ತದೆ. ಅದ್ರ ಪಕ್ಕಕ್ಕೆ ಒಂದು ನಂಬರು ಅದೆ, ನೋಡು. ಪಹಣಿ ಹೇಳೋದು ಇವತ್ತಿನ ಮಾತು. ಆ ನಂಬರು ಹಿಡ್ಕಂಡು ಹೋದ್ರೆ ಫೇರಫಾರ ಪುಸ್ತಕ ಸಿಗ್ತದೆ. ಕಥೆ ಇರೋದು ಅಲ್ಲಿ."

ನಾನು ಅಲ್ಲೇ ಕೂತುಬಿಟ್ಟೆ. ಎರಡು ವಾರದಿಂದ ನಾನು ಹುಡುಕುತ್ತಿದ್ದದ್ದು ಅದೇ ಆಗಿತ್ತು. ಇವತ್ತಿನ ಸ್ಥಿತಿ ಒಂದು ಕಡೆ, ಆ ಸ್ಥಿತಿಗೆ ಬಂದ ದಾರಿ ಇನ್ನೊಂದು ಕಡೆ, ಎರಡರ ನಡುವೆ ಒಂದು ನಂಬರಿನ ಕೊಂಡಿ. ನಮ್ಮ ಹೋಲಿಕೆ ಟೂಲಿನ ಬಳಿ ಇದ್ದದ್ದು ಬರೀ ಪಹಣಿ. ಫೇರಫಾರ ಪುಸ್ತಕ ಇರಲೇ ಇಲ್ಲ.

ಈ ಎರಡು ಪುಸ್ತಕದ ಪದ್ಧತಿ ನಮ್ಮ ಕಡೆಗೆ ಹೇಗೆ ಬಂತು ಅನ್ನುವುದು ಸ್ವಾರಸ್ಯದ ಕಥೆ.

ಬಹಳ ಹಿಂದೆ ನಮ್ಮ ನಾಡಿನ ಶಾನುಭೋಗರು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಇವತ್ತು ಆಫೀಸಿನ ಫೈಲಿಗೆಲ್ಲ ಕಡತ ಅನ್ನುತ್ತೇವೆ. ಮೂಲದ ಕಡತ ಅಂದರೆ ಬಟ್ಟೆ. ಉದ್ದನೆಯ ಹತ್ತಿಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಬಳಪದ ಕಡ್ಡಿಯಿಂದ ಅದರ ಮೇಲೆ ಬರೆಯುವುದು. ಬಹಳ ಕಾಲ ಬಾಳಿಕೆ ಬರುತ್ತಿತ್ತು. ಆದರೆ ಅದರ ಇನ್ನೊಂದು ಗುಣವೆಂದರೆ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಸ್ಲೇಟಿನ ಹಾಗೆ. ಅಳಿಸಿದ ಮೇಲೆ ಹಿಂದೆ ಏನಿತ್ತು ಅನ್ನುವುದು ಶಾನುಭೋಗರ ನೆನಪಿನಲ್ಲಿ ಮಾತ್ರ. ನಮ್ಮ ಹಂಚಿಕೆಯ ಫೋಲ್ಡರಿನಲ್ಲಿ ಒಂದೇ ಫೈಲಿನ ಮೇಲೆ ಎಲ್ಲರೂ ಸೇವ್ ಮಾಡಿದ ಹಾಗೆ!

1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಇಂಗ್ಲಿಷರ ಕೈಗೆ ಬಂತು. ಮೊದಲ ಕಲೆಕ್ಟರ್ ಆಗಿ ಬಂದವರು ಥಾಮಸ್ ಮನ್ರೋ. ಇಲ್ಲಿನ ಜಮೀನು ಜನರ ಸ್ವಂತ ಆಸ್ತಿಯ ಹಾಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಮಾರಾಟ, ಅಡವು, ಮೂಲಗೇಣಿ, ಚಾಲಗೇಣಿ ಎಲ್ಲ ಇದ್ದವು. ಮನ್ರೋ 1800ರ ವರದಿಯಲ್ಲಿ ಹಳೆಯ ಲೆಕ್ಕಗಳನ್ನು ಹಿಡಿದುಕೊಂಡು ವಿಜಯನಗರದ ಹರಿಹರರಾಯನ ಕಾಲದ ಕಂದಾಯದವರೆಗೂ ಹಿಂದೆ ಹೋಗುತ್ತಾರೆ. ಯಾವ ಕಾಲದಲ್ಲಿ ಎಷ್ಟಿತ್ತು, ಯಾವಾಗ ಎಷ್ಟು ಏರಿತು ಅಂತ ತಿಳಿಯದೆ ಇವತ್ತು ಎಷ್ಟು ಕೇಳುವುದು ನ್ಯಾಯ ಅಂತ ಹೇಳಲಾಗದು ಅನ್ನುವುದು ಅವರಿಗೆ ಗೊತ್ತಿತ್ತು.

ಉತ್ತರ ಕನ್ನಡ 1862ರಲ್ಲಿ ಮದ್ರಾಸು ಬಿಟ್ಟು ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಂದ ಹತ್ತಿ ಬರುವುದು ನಿಂತ ಕಾಲ. ಧಾರವಾಡ ಕಡೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕು ಅಂತ ಮ್ಯಾಂಚೆಸ್ಟರಿನ ಗಿರಣಿಯವರ ಒತ್ತಾಯ ಇತ್ತು. ಆಗ ಕಾರವಾರ ಜಿಲ್ಲೆಯ ಮುಖ್ಯ ಸ್ಥಳವಾಯಿತು. ಬಾಂಬೆಯ ಜೊತೆಗೆ ಬಾಂಬೆಯ ಸರ್ವೆಯೂ ಬಂತು. ಸರಪಳಿ ಹಿಡಿದು ಅಳೆದು, ಪ್ರತಿ ತುಂಡಿಗೂ ಸರ್ವೆ ನಂಬರು ಕೊಟ್ಟು, ಹೊಸ ಕಂದಾಯ ಕಟ್ಟಿದರು. ಕಂದಾಯ ಏರಿತು, ಜಮೀನುದಾರರು ಸಿಟ್ಟಾದರು. ನಮ್ಮ ಕಂದಾಯ ಹಿಂದಿನಿಂದಲೂ ನಿಗದಿಯಾದದ್ದು, ಏರಿಸುವ ಹಕ್ಕು ನಿಮಗಿಲ್ಲ ಅನ್ನುವುದು ಅವರ ವಾದ. ವೈಕುಂಠ ಬಾಪೂಜಿ ಮತ್ತು ಬಾಂಬೆ ಸರ್ಕಾರದ ನಡುವಿನ ಆ ಮೊಕದ್ದಮೆ ಬಾಂಬೆ ಹೈಕೋರ್ಟಿನಲ್ಲಿ 1875ರಲ್ಲಿ ಸರ್ಕಾರದ ಪರವಾಗಿ ತೀರ್ಮಾನವಾಯಿತು. ಕಾನೂನು ಓದುವವರು ಅದನ್ನು ಈಗಲೂ ಕೆನರಾ ಕೇಸು ಅಂತ ನೆನೆಯುತ್ತಾರೆ.

ಸರ್ವೆಯಲ್ಲೂ ಒಂದು ಕೊರತೆ ಇತ್ತು. ಸರ್ವೆ ಅಂದರೆ ಆ ದಿನದ ಫೋಟೋ. ಮೂವತ್ತು ವರ್ಷದ ನಂತರ ಮತ್ತೊಂದು ಸರ್ವೆ. ನಡುವಿನ ಮೂವತ್ತು ವರ್ಷದಲ್ಲಿ ಜನ ಸಾಯುತ್ತಾರೆ, ಮಾರುತ್ತಾರೆ, ಅಡವಿಡುತ್ತಾರೆ. ಪುಸ್ತಕದಲ್ಲಿರುವ ಹೆಸರು ಒಂದು, ಗದ್ದೆಯಲ್ಲಿರುವ ಮನುಷ್ಯ ಇನ್ನೊಬ್ಬ. ಸರ್ಕಾರಕ್ಕೆ ಕಂದಾಯ ಬಂದರೆ ಸಾಕಾಗಿತ್ತು, ಯಾರು ಕೊಟ್ಟರೇನು.

ಇದಕ್ಕೆ ಮದ್ದು ಅಂತ ಬಂದದ್ದು ಬಾಂಬೆಯ 1903ರ ಹಕ್ಕುಪತ್ರ ಕಾಯ್ದೆ. 1913ರಲ್ಲಿ ಅದನ್ನು ಭೂಕಂದಾಯ ಸಂಹಿತೆಯ ಒಳಗೇ ಸೇರಿಸಿದರು. ಕಾಯ್ದೆಯ ಯೋಚನೆ ಬಹಳ ಸರಳ. ಜಮೀನಿನಲ್ಲಿ ಯಾರಿಗೆ ಹಕ್ಕು ಬಂದರೂ ಮೂರು ತಿಂಗಳೊಳಗೆ ಹಳ್ಳಿಯ ಅಧಿಕಾರಿಗೆ ವರದಿ ಕೊಡಬೇಕು. ಅವನು ಅದನ್ನು ಬದಲಾವಣೆಯ ಪುಸ್ತಕದಲ್ಲಿ, ಅಂದರೆ ಫೇರಫಾರದಲ್ಲಿ, ಸಾಲುನಂಬರು ಹಾಕಿ ಬರೆಯಬೇಕು. ಚಾವಡಿಯಲ್ಲಿ ನಕಲು ಅಂಟಿಸಬೇಕು, ಸಂಬಂಧಪಟ್ಟವರಿಗೆ ನೋಟೀಸು ಕೊಡಬೇಕು. ಯಾರಾದರೂ ತಕರಾರು ತೆಗೆದರೆ ಅದಕ್ಕೆ ಬೇರೆಯದೇ ಪುಸ್ತಕ, ತಕರಾರಿನ ಪುಸ್ತಕ. ವಿಚಾರಣೆ ಆಗಿ, ಬರೆದವನಲ್ಲದ ಮೇಲಿನ ಅಧಿಕಾರಿ ಸಹಿ ಹಾಕಿದ ಮೇಲೆಯೇ ಪಹಣಿಯಲ್ಲಿ ಹೆಸರು ಬದಲಾಗಬೇಕು. ಹೆಸರಿನ ಪಕ್ಕ ಫೇರಫಾರದ ನಂಬರು ಬರಬೇಕು. ಬಾಂಬೆಯ ಹಳ್ಳಿ ನಮೂನೆಗಳಲ್ಲಿ ಆರನೆಯದು ಫೇರಫಾರ, ಏಳು ಮತ್ತು ಹನ್ನೆರಡು ಸೇರಿದ್ದು ಹಕ್ಕು ಮತ್ತು ಬೆಳೆಯ ಲೆಕ್ಕ. ಮಹಾರಾಷ್ಟ್ರದಲ್ಲಿ ಇವತ್ತಿಗೂ ಅದಕ್ಕೆ ಸಾತ್-ಬಾರಾ ಅನ್ನುತ್ತಾರೆ. ನಮ್ಮ ಕಡೆಯ ಹಳಬರ ಬಾಯಲ್ಲಿ ಉತಾರ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂತು. ನಮೂನೆಯ ನಂಬರುಗಳು ಬದಲಾದವು, ಪಹಣಿ ಹದಿನಾರನೇ ನಮೂನೆಯಾಯಿತು. ಒಳಗಿನ ಕಟ್ಟೋಣ ಮಾತ್ರ ಹಾಗೇ ಉಳಿಯಿತು.

ಇದನ್ನೆಲ್ಲ ತಲಾಟಿ ಅಜ್ಜ ಹೇಳುತ್ತಿದ್ದರೆ ನನಗೆ ನಗು ತಡೆಯಲಿಲ್ಲ. ವರದಿ ಅಂದರೆ ನಾವು ಆಫೀಸಿನಲ್ಲಿ ಕಳಿಸುವ ಪುಲ್ ರಿಕ್ವೆಸ್ಟು. ನೋಟೀಸು, ತಕರಾರು ಅಂದರೆ ಕೋಡ್ ರಿವ್ಯೂ. ಸರ್ಕಲ್ ಸಾಹೇಬರ ಸಹಿ ಅಂದರೆ ಮರ್ಜು. ಹೆಸರಿನ ಪಕ್ಕದ ನಂಬರು ಅಂದರೆ ಗಿಟ್ ಬ್ಲೇಮು.

"ಬರೆಯೋದು ತಪ್ಪಾದ್ರೆ ಎಂತ ಮಾಡ್ತಿದ್ರಿ ಅಜ್ಜ, ಗೀಟು ಎಳೆದು ತಿದ್ತಿದ್ರಾ?"

"ಸಹಿ ಆಗೋ ಮುಂಚೆ ಬೇರೆ. ಸಹಿ ಆದ್ಮೇಲೆ ಗೀಟು ಎಳೆದ್ರೆ ಕೆಲಸ ಹೋಗ್ತದೆ. ಅಪೀಲು ಮಾಡಬೇಕು, ಆರ್ಡರ್ ತರಬೇಕು, ಆ ಆರ್ಡರಿಗೆ ಹೊಸ ನಂಬರು. ತಪ್ಪೂ ಇರ್ತದೆ, ತಿದ್ದಿದ್ದೂ ಇರ್ತದೆ. ಎರಡೂ ಇರಬೇಕು."

ತಪ್ಪೂ ಇರಬೇಕು ಅನ್ನುವ ಮಾತಿಗೆ ನಮ್ಮ ತಾಲ್ಲೂಕಿನಲ್ಲೇ ದೊಡ್ಡ ಉದಾಹರಣೆ ಇದೆ. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ಆಯಿತು. ಅದರ ಬೆನ್ನಿಗೆ ಕರನಿರಾಕರಣೆ. ಅಂಕೋಲಾ ಮತ್ತು ಸಿದ್ದಾಪುರದ ರೈತರು ಕಂದಾಯ ಕೊಡುವುದಿಲ್ಲ ಅಂದರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಅನ್ನುವ ಹೆಸರು ಬಂದದ್ದು ಹಾಗೆ. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಪುಸ್ತಕದಲ್ಲಿ ಹೆಸರು ಬದಲಾಯಿತು. 1937ರಲ್ಲಿ ಬಾಂಬೆಯಲ್ಲಿ ಬಿ. ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಬಂದ ನಂತರ ಕಳೆದುಕೊಂಡವರಿಗೆ ಜಮೀನು ಹಿಂದಿರುಗಿಸುವ ಕೆಲಸ ನಡೆಯಿತು. ಹಾಗೆ ಹಿಂದಿರುಗಿಸಬೇಕಾದರೆ ಯಾರಿಂದ ಹೋಯಿತು, ಯಾವಾಗ ಹೋಯಿತು, ಯಾರಿಗೆ ಹೋಯಿತು ಅನ್ನುವುದು ಎಲ್ಲಾದರೂ ಬರೆದಿರಬೇಕಲ್ಲವೇ? ಅನ್ಯಾಯದ ದಾಖಲೆಯನ್ನು ಅಳಿಸಿಹಾಕಿದ್ದರೆ ನ್ಯಾಯ ಕೊಡುವುದಕ್ಕೂ ದಾರಿ ಇರುತ್ತಿರಲಿಲ್ಲ.

ನಮ್ಮ ಮುತ್ತಜ್ಜ ಪುಸ್ತಕದೊಳಗೆ ಬಂದದ್ದು ಇದಕ್ಕಿಂತ ತಡವಾಗಿ. ಅವರು ಗೇಣಿದಾರ. ಅಂಕೋಲೆಯ ಗೇಣಿ ರೈತರನ್ನು ಕಟ್ಟಿದವರು ದಿನಕರ ದೇಸಾಯಿ. ನಮಗೆಲ್ಲ ಚುಟುಕದ ಕವಿಯಾಗಿ ಗೊತ್ತು, ಆದರೆ ರೈತರ ಹೋರಾಟಕ್ಕಾಗಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದವರು. ಉಳುವವನಿಗೇ ಹೊಲ ಅನ್ನುವುದು ಕಾಯ್ದೆಯಾಗಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಗೇಣಿದಾರರು ಏಳನೇ ನಮೂನೆಯ ಅರ್ಜಿ ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟರು. ಮಂಡಳಿ ಆರ್ಡರ್ ಮಾಡಿ, ಅದು ಫೇರಫಾರಕ್ಕೆ ಏರಿ, ಅಲ್ಲಿಂದ ಪಹಣಿಗೆ ಇಳಿಯಿತು. ತಲೆಮಾರುಗಟ್ಟಲೆ ಉತ್ತವರ ಹೆಸರು ಮೊದಲ ಸಲ ಒಡೆಯರ ಕಾಲಂನಲ್ಲಿ ಬಂತು. ಆ ಒಂದು ಸಾಲಿಗಾಗಿ ಮುತ್ತಜ್ಜ ಎಷ್ಟು ಸಲ ನಡೆದಿದ್ದರೋ. ಮುಂದಿನ ಸಾಲನ್ನು ಬರೆಸುವುದಕ್ಕೆ ನಮಗೆ ನಲವತ್ತು ವರ್ಷದಲ್ಲಿ ಒಂದು ದಿನ ಪುರಸೊತ್ತಾಗಲಿಲ್ಲ.

ಈಗ ನಮ್ಮ ಕಸುಬಿನ ಕಥೆಗೆ ಬರುತ್ತೇನೆ. ಕಂಪ್ಯೂಟರಿನವರು ಈ ಪಾಠವನ್ನು ತಡವಾಗಿ, ಒಂದೊಂದೇ ತುಂಡಾಗಿ ಕಲಿತರು. 1972ರಲ್ಲಿ ಬೆಲ್ ಲ್ಯಾಬ್ಸಿನ ಮಾರ್ಕ್ ರಾಕ್‌ಕೈಂಡ್ ಎಸ್‌ಸಿಸಿಎಸ್ ಬರೆದರು. 1982ರ ಹೊತ್ತಿಗೆ ವಾಲ್ಟರ್ ಟಿಚಿ ಅವರ ಆರ್‌ಸಿಎಸ್ ಬಂತು. ಅದರ ಉಪಾಯ ನೋಡಿ: ಇವತ್ತಿನ ಆವೃತ್ತಿಯನ್ನು ಪೂರ್ತಿಯಾಗಿ ಇಟ್ಟು, ಹಿಂದಿನವುಗಳಿಗೆ ಹೋಗಲು ಬೇಕಾದ ಬದಲಾವಣೆಗಳನ್ನು ಮಾತ್ರ ಕೆಳಗೆ ಇಡುವುದು. ಮೇಲೆ ಪಹಣಿ, ಕೆಳಗೆ ಫೇರಫಾರ! ಆದರೆ ಒಬ್ಬರು ಫೈಲು ತೆಗೆದುಕೊಂಡರೆ ಬೇರೆಯವರು ಕಾಯಬೇಕು, ಹಳ್ಳಿಗೆ ಒಂದೇ ಪುಸ್ತಕ ಇದ್ದ ಹಾಗೆ. 1986ರಲ್ಲಿ ಡಿಕ್ ಗ್ರೂನ್ ಶುರುಮಾಡಿದ ಸಿವಿಎಸ್ ಎಲ್ಲರೂ ಒಟ್ಟಿಗೆ ಬರೆಯಲು ಬಿಟ್ಟಿತು. ಆದರೆ ಅದು ಫೈಲು ಫೈಲಿಗೆ ಬೇರೆ ಬೇರೆ ಲೆಕ್ಕ ಇಡುತ್ತಿತ್ತು. ಹತ್ತು ಫೈಲಿನ ಬದಲಾವಣೆ ಅರ್ಧದಲ್ಲಿ ನಿಂತರೆ ಅರ್ಧವೇ ಒಳಗೆ ಹೋಗುತ್ತಿತ್ತು. 2004ರಲ್ಲಿ ಮೊದಲ ಆವೃತ್ತಿ ಕಂಡ ಸಬ್‌ವರ್ಷನ್ ಅದನ್ನು ಸರಿಮಾಡಿತು, ಇಡೀ ಬದಲಾವಣೆಗೆ ಒಂದೇ ನಂಬರು. 2005ರ ಏಪ್ರಿಲಿನಲ್ಲಿ ಲಿನಕ್ಸ್ ಬಳಗಕ್ಕೆ ಬಿಟ್‌ಕೀಪರ್ ಉಚಿತವಾಗಿ ಸಿಗುವುದು ನಿಂತಿತು. ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು ಆಗ. ಮ್ಯಾಟ್ ಮ್ಯಾಕಲ್ ಅವರ ಮರ್ಕ್ಯುರಿಯಲ್ ಹುಟ್ಟಿದ್ದೂ ಅದೇ ತಿಂಗಳು. ಗಿಟ್‌ನಲ್ಲಿ ಪ್ರತಿ ದಾಖಲೆಯೂ ತನ್ನ ಹಿಂದಿನದರ ಗುರುತನ್ನು ಹೊತ್ತಿರುತ್ತದೆ. ಹಳೆಯದೊಂದನ್ನು ತಿದ್ದಿದರೆ ಮುಂದಿನವೆಲ್ಲ ಬದಲಾಗಿ ಕಳ್ಳತನ ಗೊತ್ತಾಗುತ್ತದೆ.

ಆದರೆ ಡೇಟಾಬೇಸು ಕೋಡಿನ ಹಾಗಲ್ಲ. ಕೋಡಿನಲ್ಲಿ ಹಳೆಯ ಆವೃತ್ತಿ ಬೇಕಾದರೆ ಹಳೆಯದನ್ನು ತಂದಿಟ್ಟರೆ ಮುಗಿಯಿತು. ಡೇಟಾಬೇಸಿನಲ್ಲಿ ಜನರ ಮಾಹಿತಿ ತುಂಬಿರುತ್ತದೆ. ಟೇಬಲ್ಲನ್ನು ಹಳೆಯ ಆಕಾರಕ್ಕೆ ತಂದರೆ ಅಷ್ಟರಲ್ಲಿ ಬಂದ ಮಾಹಿತಿ ಎಲ್ಲಿ ಹೋಗಬೇಕು? ಗದ್ದೆಯಲ್ಲಿ ಪೈರು ನಿಂತಿರುವಾಗ ಬದು ಕಿತ್ತ ಹಾಗೆ. ಇದನ್ನು 2003ರಲ್ಲಿ ಮಾರ್ಟಿನ್ ಫೌಲರ್ ಮತ್ತು ಪ್ರಮೋದ್ ಸದಲಗೆ ಒಂದು ಲೇಖನದಲ್ಲಿ ಚೆನ್ನಾಗಿ ಬಿಡಿಸಿದರು: ಡೇಟಾಬೇಸಿನ ಪ್ರತಿ ಬದಲಾವಣೆಯೂ ಒಂದು ಪುಟ್ಟ ಸ್ಕ್ರಿಪ್ಟ್ ಆಗಬೇಕು, ಕೋಡಿನ ಜೊತೆಗೇ ಇರಬೇಕು, ಸಾಲಾಗಿ ಓಡಬೇಕು. 2005ರಲ್ಲಿ ರೈಲ್ಸಿನ ಮೈಗ್ರೇಶನ್, 2006ರಲ್ಲಿ ಲಿಕ್ವಿಬೇಸ್, 2010ರಲ್ಲಿ ಫ್ಲೈವೇ ಬಂದವು. ಎಲ್ಲವೂ ಡೇಟಾಬೇಸಿನ ಒಳಗೇ ಒಂದು ಟೇಬಲ್ಲು ಇಟ್ಟು, ಯಾವ ಸ್ಕ್ರಿಪ್ಟುಗಳು ಓಡಿವೆ ಅಂತ ಬರೆದುಕೊಳ್ಳುತ್ತವೆ. ಲಿಕ್ವಿಬೇಸ್, ಫ್ಲೈವೇಗಳಲ್ಲಿ ಯಾವಾಗ ಓಡಿತು ಅನ್ನುವುದೂ, ಫ್ಲೈವೇಯಲ್ಲಿ ಯಾರು ಓಡಿಸಿದರು ಅನ್ನುವುದೂ ಇರುತ್ತದೆ. ಅದೇ ಫೇರಫಾರ ಪುಸ್ತಕ. ಒಮ್ಮೆ ಓಡಿದ ಸ್ಕ್ರಿಪ್ಟನ್ನು ಆಮೇಲೆ ತಿದ್ದಿದರೆ ಫ್ಲೈವೇ ಮೊತ್ತ ತಾಳೆ ನೋಡಿ ತಕರಾರು ತೆಗೆಯುತ್ತದೆ. ಸಹಿ ಆದ ಮೇಲೆ ಗೀಟು ಎಳೆಯಬಾರದು!

ಒಂದು ತಮಾಷೆ ಹೇಳುತ್ತೇನೆ. ರೈಲ್ಸಿನಲ್ಲಿ ಮೊದಲು ಸ್ಕ್ರಿಪ್ಟುಗಳಿಗೆ 1, 2, 3 ಅಂತ ನಂಬರು ಇತ್ತು. ಇಬ್ಬರು ಒಂದೇ ದಿನ ಬರೆದರೆ ಇಬ್ಬರದ್ದೂ 24! 2008ರಲ್ಲಿ ಅದನ್ನು ಬಿಟ್ಟು ದಿನಾಂಕ-ಸಮಯವನ್ನೇ ನಂಬರಾಗಿ ಮಾಡಿದರು. ಹಳ್ಳಿಗೊಬ್ಬನೇ ತಲಾಟಿ ಇದ್ದದ್ದರಿಂದ ಫೇರಫಾರಕ್ಕೆ ಈ ತೊಂದರೆ ಇರಲಿಲ್ಲ :)

ನಮ್ಮ ರಾಜ್ಯದಲ್ಲಿ ಈ ಎರಡೂ ಕಥೆ ಒಂದಾದದ್ದು ಭೂಮಿ ಯೋಜನೆಯಲ್ಲಿ. 2000ದ ಆಚೀಚೆ, ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿ ಬರೆದ ತಂತ್ರಾಂಶದಲ್ಲಿ, ಆಗಿದ್ದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಸುಮಾರು 67 ಲಕ್ಷ ರೈತರ ಜಮೀನು. ಕಾರವಾರ, ಅಂಕೋಲೆಯೂ ಅದರಲ್ಲಿ ಸೇರಿದ್ದವು. ಆಗ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ಆ ತಾಲ್ಲೂಕಿನಲ್ಲಿ ಕಂಪ್ಯೂಟರ್ ಶುರುವಾದ ಮೇಲೆ ಕೈಬರಹದ ಪಹಣಿ ನಡೆಯದು ಅಂತ ಸರ್ಕಾರ ಖಡಾಖಂಡಿತ ಮಾಡಿತು. ನನ್ನ ಕಸುಬಿನ ಕಣ್ಣಿಗೆ ಇದೇ ದೊಡ್ಡ ನಿರ್ಧಾರ. ಎರಡೂ ನಡೆಯಲಿ ಅಂದಿದ್ದರೆ ಯಾವುದು ನಿಜ ಅನ್ನುವ ಜಗಳ ಇಂದಿಗೂ ಮುಗಿಯುತ್ತಿರಲಿಲ್ಲ. ಬದಲಾವಣೆ ಮಾಡುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಿತ್ತು, ನಾನಲ್ಲ ಅನ್ನುವ ಹಾಗಿರಲಿಲ್ಲ. ಅರ್ಜಿಗಳು ಬಂದ ಸಾಲಿನಲ್ಲೇ ಹೋಗಬೇಕಿತ್ತು.

ಕೊರತೆ ಇರಲಿಲ್ಲವೆಂದಲ್ಲ. ಒಳಗೆ ಹೋದದ್ದು ಮುಖ್ಯವಾಗಿ ಆಗ ಚಾಲ್ತಿಯಲ್ಲಿದ್ದ ಪಹಣಿ. ಹಳೆಯ ಫೇರಫಾರಗಳು ದಾಖಲೆ ಕೋಣೆಯ ಗಂಟುಗಳಲ್ಲೇ ಉಳಿದವು. ಹಳೆ ಸಿವಿಎಸ್‌ನಿಂದ ಗಿಟ್‌ಗೆ ಬರುವಾಗ ಕೊನೆಯ ಆವೃತ್ತಿಯನ್ನು ಮಾತ್ರ ತಂದು ಇತಿಹಾಸ ಅಲ್ಲೇ ಬಿಟ್ಟ ಹಾಗೆ. ಆ ದಿನ ಪಹಣಿಯಲ್ಲಿ ತಪ್ಪಿದ್ದರೆ ಆ ತಪ್ಪೂ ಶುದ್ಧ ಅಕ್ಷರದಲ್ಲಿ ಅಚ್ಚಾಯಿತು. ಹಳ್ಳಿಯಲ್ಲಿದ್ದ ಪುಸ್ತಕ ತಾಲ್ಲೂಕು ಕೇಂದ್ರಕ್ಕೆ ಹೋದದ್ದರಿಂದ ಬಡವರಿಗಿಂತ ದೊಡ್ಡ ಕುಳಗಳಿಗೇ ಹೆಚ್ಚು ಅನುಕೂಲವಾಯಿತು ಅಂತ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರನ್ನು ಮುಂದಿಟ್ಟು ಬರೆದರು. ಹಳೆಯ ಗಂಟುಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಶುರುವಾದದ್ದು 2024ರಲ್ಲಿ. ಸತ್ತವರ ಹೆಸರಲ್ಲೇ ಉಳಿದ ಪಹಣಿಗಳಿಗಾಗಿ 2025ರಲ್ಲಿ ಇ-ಪೌತಿ ಆಂದೋಲನ. ಅಂದರೆ ನಾಳೆ ಕೊಟ್ಟರಾಯ್ತು ಅಂದವರು ನಾವೊಬ್ಬರೇ ಅಲ್ಲ!

ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಕಾರವಾರ-ಅಂಕೋಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಶುರುವಾಯಿತು. ನಡುವೆ ಎರಡೂ ತಾಲ್ಲೂಕಿನ ಕರಾವಳಿಯ ಹಳ್ಳಿಗಳು ಎದ್ದುಹೋದವು. ಪರಿಹಾರದ ಮೊಕದ್ದಮೆಗಳು ಒಂದು ತಲೆಮಾರು ನಡೆದವು. ಸರ್ಕಾರ ಜಮೀನು ಕೇಳಲು ಬಂದಾಗ ಮೊದಲು ನೋಡುವುದು ಪಹಣಿಯನ್ನು, ಮುಖವನ್ನಲ್ಲ.

ಸರಿ, ನಮ್ಮ ಮನೆಗೆ ಬರೋಣ. ತಲಾಟಿ ಅಜ್ಜ ಪೌತಿಗೆ ವಂಶವೃಕ್ಷ ಬೇಕು ಅಂದರು. ಅಪ್ಪ ಕಾಗದ ತೆಗೆದು ಬರೆದರು. ಮುತ್ತಜ್ಜ, ಕೆಳಗೆ ಮೂರು ಗಂಡುಮಕ್ಕಳು, ಅವರ ಕೆಳಗೆ ನಾವೆಲ್ಲ. ಅಜ್ಜ ಓದಿ ಕಾಗದ ಕೆಳಗಿಟ್ಟರು.

"ಹಾರವಾಡಕ್ಕೆ ಕೊಟ್ಟ ಮಗಳು ಎಲ್ಲಿ?"

ಅಪ್ಪನ ಸೋದರತ್ತೆ. ನಾವು ಹಾರವಾಡದ ಅಜ್ಜಿ ಅನ್ನುತ್ತೇವೆ. ಪ್ರತಿ ವರ್ಷ ಬಂಡಿಹಬ್ಬಕ್ಕೆ ಬಂದು, ಸಂಜೆ ಬಸ್ಸಿಗೆ ಹೋಗುವವರು. ಬಾಯಿಮಾತಿನ ಪಾಲಿನಲ್ಲಿ ಅವರಿಗೆ ಏನೂ ಇರಲಿಲ್ಲ.

"ಅವಳಿಗೆ ಮದುವೆಯಲ್ಲೇ ಕೊಟ್ಟದ್ದಾಗದೆ" ಅಂದರು ಅಪ್ಪ.

"ಅದು ನಿಮ್ಮ ಮನೆ ಲೆಕ್ಕ. 1956ರ ಕಾಯ್ದೆಯಲ್ಲೇ ಮಗಳೂ ವಾರಸು. ಬಿಟ್ಟು ಬರೆದ್ರೆ ಸುಳ್ಳು ಬರೆದ ಹಾಗೆ. ನಾನು ಸುಳ್ಳು ಬರೆಸೂದಿಲ್ಲ."

ಅಪ್ಪ ಮಾತಾಡಲಿಲ್ಲ. ನಾನೂ. ನನಗೆ ಆ ಕಾಲಂ ನೆನಪಾಯಿತು. ಕಡತದಲ್ಲಿ ಇಲ್ಲ, ಆದ್ದರಿಂದ ಬೇಡದ್ದು ಅಂತ ಟೂಲ್ ತೆಗೆದುಹಾಕಿದ ಕಾಲಂ. ಟೂಲಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು.

"ಅಪ್ಪ, ಅಜ್ಜಿ ಹೆಸರು ಬರೆಯುವ" ಅಂದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಅವರೇ ಪೆನ್ನು ಎತ್ತಿಕೊಂಡು ನಾಲ್ಕನೇ ಗೆರೆ ಎಳೆದರು. ಮರುದಿನ ಅಪ್ಪ, ನಾನು ಇಬ್ಬರೂ ಹಾರವಾಡಕ್ಕೆ ಹೋದೆವು. ಅಜ್ಜಿಗೆ ಓದಿ ಹೇಳಿದೆ. ಅವರು ದುಡ್ಡಿನ ಮಾತು ಎತ್ತಲೇ ಇಲ್ಲ. "ನನ್ನ ಹೆಸರು ಅದೆಯಾ? ಎಲ್ಲಿ, ತೋರ್ಸು" ಅಂತ ಕಾಗದದ ಮೇಲೆ ಬೆರಳಿಟ್ಟು ಕೇಳಿದರು. ತೋರಿಸಿದೆ. ಅರ್ಜಿ ಕೊಟ್ಟಿದ್ದೇವೆ, ನೋಟೀಸಿನ ಅವಧಿ ನಡೆಯುತ್ತಿದೆ. ಚಿಕ್ಕಜ್ಜನ ಮಕ್ಕಳು ತಕರಾರು ತೆಗೆಯಬಹುದು. ತೆಗೆದರೆ ಅದಕ್ಕೂ ಪುಸ್ತಕ ಇದೆಯಲ್ಲ.

ಬೆಂಗಳೂರಿಗೆ ಬಂದು ಟಿಪ್ಪಣಿ ಬರೆದೆ, ಒಂದೂವರೆ ಪುಟ. ಕೋಡಿಗೆ ಗಿಟ್ ಇದ್ದೇ ಇದೆ, ಬದಲಾಯಿಸುವ ಕಾರಣ ಇಲ್ಲ. ಡೇಟಾಬೇಸಿಗೆ ಹೋಲಿಕೆ ಟೂಲು ಇನ್ನು ಬರೀ ತಪಾಸಣೆಗೆ, ಪ್ರೊಡಕ್ಷನ್ ಮತ್ತು ಕಡತದಲ್ಲಿ ವ್ಯತ್ಯಾಸ ಕಂಡರೆ ಹೇಳಲಿ, ತಾನೇ ಸರಿಮಾಡುವುದು ಬೇಡ. ಬದಲಾವಣೆಗೆ ಫ್ಲೈವೇ. ಲಿಕ್ವಿಬೇಸ್ ಯಾಕಲ್ಲ? ಅದು ಒಂದೇ ವಿವರಣೆಯಿಂದ ಬೇರೆ ಬೇರೆ ಡೇಟಾಬೇಸುಗಳಿಗೆ ಎಸ್‌ಕ್ಯುಎಲ್ ತಯಾರಿಸಬಲ್ಲದು. ಹಲವು ಡೇಟಾಬೇಸಿಗೆ ಮಾರುವವರಿಗೆ ಅದು ವರ. ನಮಗಿರುವುದು ಒಂದೇ ಮೈಎಸ್‌ಕ್ಯುಎಲ್, ಎಂಟು ಜನಕ್ಕೂ ಎಸ್‌ಕ್ಯುಎಲ್ ಓದಲು ಬರುತ್ತದೆ. ಓದಲು ಬರುವ ಭಾಷೆಯಲ್ಲಿ ವರದಿ ಇದ್ದರೆ ತಕರಾರು ತೆಗೆಯುವುದೂ ಸುಲಭ. ಮೈಎಸ್‌ಕ್ಯುಎಲ್‌ನಲ್ಲಿ ಟೇಬಲ್ಲಿನ ಆಕಾರ ಬದಲಿಸುವ ಆಜ್ಞೆಯನ್ನು ಅರ್ಧದಿಂದ ಹಿಂದೆ ಸುತ್ತಲಾಗದು, ಪೋಸ್ಟ್‌ಗ್ರೆಸ್‌ನಲ್ಲಿ ಬಹುಪಾಲು ಆಗುತ್ತದೆ. ಆದ್ದರಿಂದ ಒಂದು ಸ್ಕ್ರಿಪ್ಟಿಗೆ ಒಂದೇ ಬದಲಾವಣೆ. ಕಾಲಂ ತೆಗೆಯಬೇಕಾದರೆ ಮೊದಲ ಬಿಡುಗಡೆಯಲ್ಲಿ ಕೋಡ್ ಅದನ್ನು ಬಳಸುವುದು ನಿಲ್ಲಬೇಕು, ಮುಂದಿನದರಲ್ಲಿ ಕಾಲಂ ಹೋಗಬೇಕು. ಹಿಂದೆ ಹೋಗುವುದಿಲ್ಲ, ತಪ್ಪಾದರೆ ಹೊಸ ನಂಬರಿನಲ್ಲಿ ತಿದ್ದುಪಡಿ.

ಕೊನೆಯ ಸಾಲು, ಪ್ರೊಡಕ್ಷನ್ನಿನಲ್ಲಿ ಟೇಬಲ್ಲು ಬದಲಿಸುವ ಅಧಿಕಾರ ಯಾರ ಕೈಯಲ್ಲೂ ಇರಬಾರದು, ನನ್ನದನ್ನು ಮೊದಲು ತೆಗೆಯಿರಿ. ಇದಿಲ್ಲದಿದ್ದರೆ ಯಾವ ಟೂಲ್ ತಂದರೂ ಒಂದೇ. ವರದಿ ಕೊಡದವನಿಗೆ ಎಂಥಾ ಪುಸ್ತಕ ಇದ್ದು ಏನು?

ಮ್ಯಾನೇಜರ್ ಓದಿ ಒಪ್ಪಿದರು. "ಫೇರಫಾರ ಅಂದ್ರೇನು?" ಅಂತ ಮಾತ್ರ ಕೇಳಿದರು. ಟಿಪ್ಪಣಿಯಲ್ಲಿ ಒಂದು ಕಡೆ ಹಾಗೇ ಬಂದುಬಿಟ್ಟಿತ್ತು :)

ಅಂದ ಹಾಗೆ, ನಿಮ್ಮ ಮನೆಯ ಪಹಣಿ ಯಾರ ಹೆಸರಲ್ಲಿದೆ? ಈ ವಾರ ಒಮ್ಮೆ ತೆಗೆದು ನೋಡಿ. ಹೆಸರಿನ ಪಕ್ಕದ ನಂಬರನ್ನೂ ನೋಡಿ. ಮತ್ತೆ, ಮದುವೆ ಮಾಡಿ ಕೊಟ್ಟವರನ್ನು ಬರೆಯಲು ಮರೆಯಬೇಡಿ.